ಎಲ್ಲಿಟ್ಟಿದ್ದೀಯಾ?

ಆ ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಉಗುರು ಕತ್ತರಿ, ಕರೆಂಟ್ ಬಿಲ್ಲು, ಗಂಡನ ಓದುವ ಕನ್ನಡಕ, ಮಗಳ ಓಲೆಯ ಹಿಂದಿನ ತಿರುಪು, ಅತ್ತೆಯ ಮಂಡಿನೋವಿನ ಮುಲಾಮು. ಬೆಳಗಾದರೆ ಸಾಕು, ಮನೆಯ ಮೂಲೆಮೂಲೆಯಿಂದ ಒಂದೇ ಕೂಗು: "ಎಲ್ಲಿಟ್ಟಿದ್ದೀಯಾ?" ಇಟ್ಟವರು ಅವರೇ ಆಗಿದ್ದರೂ ಕೇಳುವ ಧಾಟಿ ಮಾತ್ರ ಅದೇ. ಅವಳು ಒಲೆಯ ಮುಂದಿನಿಂದ ಕದಲದೆ ಹೇಳುತ್ತಿದ್ದಳು: "ಬೀರು, ಮೇಲಿನ ಅರೆ, ಸ್ವೆಟರಿನ ಕೆಳಗೆ." ಸ್ವಲ್ಪ ಹೊತ್ತಿಗೆ ಬೀರುವಿನ ಬಾಗಿಲು ದಡಾರನೆ ಮುಚ್ಚಿಕೊಂಡರೆ, ಸಿಕ್ಕಿತು ಎಂದು ಅರ್ಥ.

"ಎಲ್ಲಿದ್ದೀಯಾ?" ಎಂದು ಅವಳನ್ನು ಯಾರಾದರೂ ಕೇಳಿದ್ದುಂಟೋ ಎಂದರೆ, ಅದು ಅವಳಿಗೇ ಸರಿಯಾಗಿ ನೆನಪಿರಲಿಲ್ಲ. ಕೇಳುವುದೇನಿದೆ ಹೇಳಿ. ಮನೆಯಲ್ಲಿದ್ದರೆ ಅಡುಗೆಮನೆ, ಇಲ್ಲದಿದ್ದರೆ ಆಸ್ಪತ್ರೆ.

ಆಸ್ಪತ್ರೆ ಎಂದರೆ ಬಿಳಿ ಕೋಟಿನವರು ಓಡಾಡುವ ಮಹಡಿಗಳಲ್ಲ. ಅವುಗಳ ಕೆಳಗೆ, ನೆಲಮಾಳಿಗೆಯಲ್ಲಿ, ಹಾಸಿಗೆ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ಮೇಲೆ ಕಳಿಸುವ ಉದ್ದನೆಯ ಕೋಣೆ. ಮಗಳನ್ನು ಶಾಲೆಗೆ ಸೇರಿಸಿದ ವರ್ಷ ಅವಳು ಅಲ್ಲಿಗೆ ಸೇರಿದ್ದಳು. ಬಿಸಿ ಉರುಳೆಯಿಂದ ಹೊರಬಂದ ದುಪ್ಪಟಿಯನ್ನು ಅದರ ಬಿಸಿ ಆರುವ ಮೊದಲೇ ಮಡಿಸಬೇಕು. ಅದು ಇಬ್ಬರ ಕೆಲಸ. ಒಬ್ಬೊಬ್ಬರು ಎರಡೆರಡು ತುದಿ ಹಿಡಿದು, ಎಳೆದು, ಒಂದು ಸಲ ಜೋರಾಗಿ ಕೊಡವಿ, ಎದುರುಬದುರು ನಡೆದು ಬಂದು ಬೆರಳಿಗೆ ಬೆರಳು ತಾಗಿಸಿ ತುದಿ ದಾಟಿಸಿ, ಮತ್ತೆ ಹಿಂದಕ್ಕೆ ಸರಿಯಬೇಕು. ದೂರದಿಂದ ನೋಡಿದವರಿಗೆ ಇಬ್ಬರು ಹೆಂಗಸರು ಏನೋ ಕುಣಿತ ಅಭ್ಯಾಸ ಮಾಡುತ್ತಿರುವಂತೆ ಕಾಣುತ್ತಿತ್ತು. ಅವಳು ಹಿಡಿದ ತುದಿಗಳು ಗೆರೆ ಎಳೆದಂತೆ ಕೂಡುತ್ತಿದ್ದವಾದ್ದರಿಂದ ಕೋಣೆಯವರೆಲ್ಲ ಅವಳನ್ನು ಮಡಿಕೆಯಮ್ಮ ಎನ್ನುತ್ತಿದ್ದರು.

ಆ ಹೆಸರಿಟ್ಟವಳು ಎದುರಿನ ತುದಿ ಹಿಡಿಯುವ ಹೆಂಗಸು. ಸಣಕಲು ಮೈ, ಚುಚ್ಚುವ ಮಾತು. ಹಾಗಾಗಿ ಅವಳು ಗುಂಡುಸೂಜಿ. ಪ್ರತಿ ಸಲ ತುದಿ ದಾಟಿಸಲು ಹತ್ತಿರ ಬಂದಾಗ ಗುಂಡುಸೂಜಿ ಒಂದು ಮಾತು ಹೇಳಿ ಹಿಂದೆ ಸರಿಯುತ್ತಿದ್ದಳು. ಮುಂದಿನ ಮಾತಿಗೆ ಮುಂದಿನ ಮಡಿಕೆಯವರೆಗೆ ಕಾಯಬೇಕು. ಹೀಗೆ ತುಂಡುತುಂಡಾಗಿ ಅವರು ವರ್ಷಗಟ್ಟಲೆ ಮಾತಾಡಿದ್ದರು.

ಮನೆಯ ದುಪ್ಪಟಿಗಳನ್ನು ಅವಳು ಒಬ್ಬಳೇ ಮಡಿಸುತ್ತಿದ್ದಳು. ಒಂದು ಅಂಚನ್ನು ಬೀರುವಿನ ಬಾಗಿಲಿಗೆ ಸಿಕ್ಕಿಸಿ, ಇನ್ನೊಂದು ಅಂಚನ್ನು ತಾನು ಹಿಡಿದು, ನಡುವಿನದನ್ನು ಗಲ್ಲದ ಕೆಳಗೆ ಅದುಮಿಕೊಂಡು.

ನಕಾಶೆ ಮನೆಗೆ ಬಂದದ್ದು ಮಗಳಿಂದ. ಅವಳು ಕನ್ನಡಕದಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಮೊದಲ ಸಂಬಳಕ್ಕೆ ಕಂತು ಕಟ್ಟಿಕೊಂಡು ಕಚ್ಚಿದ ಹಣ್ಣಿನ ಗುರುತಿನ ಫೋನು ತಂದಿದ್ದಳು. ಅಪ್ಪನದು ಕಂಪನಿಯವರು ಕೊಟ್ಟ ಬೇರೆ ಬಗೆಯ ಫೋನು, ಅಮ್ಮನದೂ ಅದೇ ಬಗೆಯದು, ಇನ್ನಷ್ಟು ಹಳತು. ಅಜ್ಜಿಯದು ಗುಂಡಿ ಫೋನು.

"ನನ್ನ ಫೋನಿಗೂ ನಿಮ್ಮ ಫೋನಿಗೂ ಆಗಿಬರಲ್ಲ," ಎಂದಳು ಮಗಳು. "ನನ್ನ ಫೋನಲ್ಲಿ ಇರೋ ನಕಾಶೆಗೆ ನೀವು ಕಾಣಲ್ಲ. ನಿಮ್ಮದಕ್ಕೆ ನಾನು ಕಾಣಲ್ಲ."

"ಮಾತು ಬಿಟ್ಟ ಓರಗಿತ್ತಿಯರ ಹಾಗೆ ಅನ್ನು," ಎಂದರು ಅತ್ತೆ ತಮ್ಮ ಕುರ್ಚಿಯಿಂದ. "ಒಂದೇ ಸೂರು. ಒಬ್ಬಳ ಸುದ್ದಿ ಇನ್ನೊಬ್ಬಳು ಹೇಳಲ್ಲ."

ಕೊನೆಗೆ ಮಗಳು ಎರಡೂ ಬಗೆಯ ಫೋನಿನಲ್ಲಿ ನಡೆಯುವ ಒಂದು ಆ್ಯಪ್ ಹುಡುಕಿ ಮೂವರದರಲ್ಲೂ ಹಾಕಿದಳು. ನಕಾಶೆಯ ಮೇಲೆ ಒಬ್ಬೊಬ್ಬರಿಗೂ ಒಂದು ದುಂಡನೆಯ ಬಿಲ್ಲೆ, ಬಿಲ್ಲೆಯೊಳಗೆ ಮುಖ. ಅಮ್ಮ ಒಬ್ಬಳೇ ಇರುವ ಫೋಟೋ ಎಷ್ಟು ಹುಡುಕಿದರೂ ಸಿಗದೆ, ಯಾವುದೋ ಗುಂಪಿನ ಫೋಟೋದಿಂದ ಕತ್ತರಿಸಿದ ಮುಖ ಹಾಕಬೇಕಾಯಿತು. ಅರ್ಧ ಕೆನ್ನೆಯ ಮೇಲೆ ಯಾರದೋ ಹೆಗಲು ಕೂತಿತ್ತು.

"ಅಜ್ಜಿಯನ್ನ ಹಾಕಲ್ವಾ?" ಎಂದು ಕೇಳಿದಳು ಅವಳು.

"ಗುಂಡಿ ಫೋನಿಗೆ ಇದೆಲ್ಲ ಹತ್ತಲ್ಲ ಅಮ್ಮ. ಅದೂ ಅಲ್ದೆ ಅಜ್ಜಿ ಎಲ್ಲಿಗೆ ಹೋಗ್ತಾರೆ?"

"ಹೌದು, ನನ್ನನ್ನ ಯಾರು ಕದ್ದುಕೊಂಡು ಹೋಗ್ತಾರೆ," ಎಂದು ಅತ್ತೆ ಮಂಡಿ ಉಜ್ಜಿಕೊಂಡರು.

ಮೊದಮೊದಲು ಅವಳಿಗೆ ನಕಾಶೆ ಹಿಡಿಸಿತು. ಗಂಡನದು ಲಿಫ್ಟ್ ರಿಪೇರಿ ಕೆಲಸ. ಇವತ್ತು ಈ ಕಟ್ಟಡ, ನಾಳೆ ಆ ಕಟ್ಟಡ. ಅವನ ಬಿಲ್ಲೆ ಊರೆಲ್ಲ ಸುತ್ತುವುದನ್ನು ನೋಡಲು ಚೆನ್ನಾಗಿತ್ತು. ಗುಂಡುಸೂಜಿ ಇಣುಕಿ ನೋಡಿ, ತುದಿ ದಾಟಿಸುತ್ತ ಹೇಳಿದಳು: "ನಿನ್ನ ಗಂಡ ಹನ್ನೆರಡನೇ ಮಹಡಿಗೆ ಹತ್ತಿದ್ರೂ ಇದರಲ್ಲಿ ನಿಂತಲ್ಲೇ ನಿಂತಿರ್ತಾನಲ್ಲೇ!" ಮುಂದಿನ ಮಡಿಕೆಗೆ ಬಂದಾಗ ಸೇರಿಸಿದಳು: "ಗಂಡಸರ ಏಳಿಗೆ ಯಾವ ನಕಾಶೆಯಲ್ಲೂ ಕಾಣಲ್ಲ ಬಿಡು."

ನಿಧಾನವಾಗಿ ಆ ಬಿಲ್ಲೆಗಳು ಅವಳ ಒಲೆಗೆ ಬಂದು ಸೇರಿಕೊಂಡವು. ಗಂಡನ ಬಿಲ್ಲೆ ಸೇತುವೆ ದಾಟಿದರೆ ಅಕ್ಕಿ ಇಡಬೇಕು. ಮಗಳ ಬಿಲ್ಲೆ ಬಸ್ಸಿನಿಂದ ಇಳಿದರೆ ಸ್ನಾನಕ್ಕೆ ನೀರು ಕಾಯಿಸಬೇಕು. ಮುಂಚೆ ತಡವಾದರೆ ಗಂಡ ಫೋನು ಮಾಡುತ್ತಿದ್ದ. ಇನ್ನೇನು ಹೊರಟೆ ಎಂದು ಹೇಳುವ ನೆಪದಲ್ಲಿ ಒಂದೊಂದು ದಿನ ಇನ್ನೂ ಎರಡು ಮಾತು ಆಡುತ್ತಿದ್ದ: ಲಿಫ್ಟಿನಲ್ಲಿ ಸಿಕ್ಕಿಕೊಂಡ ನಾಯಿಯೊಂದು ಬಾಗಿಲು ತೆರೆದ ಮೇಲೂ ಹೊರಗೆ ಬರಲು ಒಪ್ಪಲಿಲ್ಲವಂತೆ, ಅದಕ್ಕೆ ಅಲ್ಲೇ ಹಿತವಾಗಿತ್ತಂತೆ. ಈಗ ಆ ಫೋನು ನಿಂತಿತು. ಒಂದು ಸಂಜೆ ತಡವಾಗಿ ಬಂದವನನ್ನು, "ಒಂದು ಮಾತು ಹೇಳಬಾರದಾ?" ಎಂದು ಕೇಳಿದರೆ, ಅವನು ಶೂ ಬಿಚ್ಚುತ್ತ, "ನೋಡಿದ್ರೆ ಗೊತ್ತಾಗಲ್ವಾ?" ಎಂದ. ಸಿಟ್ಟಿನಿಂದಲ್ಲ. ನಿಜಕ್ಕೂ ನೋಡಿದರೆ ಗೊತ್ತಾಗುತ್ತಿತ್ತು. ಅದಕ್ಕೇ ಅವಳು ಅವನ ತಟ್ಟೆ ತರಲು ಒಳಗೆ ಹೋದಳು.

ಅದೇ ಹೊತ್ತಿಗೆ ಆಸ್ಪತ್ರೆಗೆ ಮಡಿಸುವ ಯಂತ್ರ ಬಂತು. ಒಂದು ಕಡೆಯಿಂದ ದುಪ್ಪಟಿಯ ಅಂಚು ಕೊಟ್ಟರೆ ಇನ್ನೊಂದು ಕಡೆ ಚೌಕಾಕಾರವಾಗಿ ಬಂದು ಬೀಳುತ್ತಿತ್ತು. ಗುಂಡುಸೂಜಿಯನ್ನು ಊರಾಚೆಯ ಹೊಸ ಕಟ್ಟಡಕ್ಕೆ ಕಳಿಸಿದರು. ಹೋಗುವ ದಿನ ಅವಳು ಯಂತ್ರದ ಬೆನ್ನು ತಟ್ಟಿ, "ನಮ್ಮ ಮಡಿಕೆಯಮ್ಮನ್ನ ಚೆನ್ನಾಗಿ ನೋಡ್ಕೋ. ಅವಳು ಮಾತು ಕಮ್ಮಿ, ಬಾಯಿ ಬಿಡಿಸಬೇಕು," ಎಂದು ಹೇಳಿ ಹೋದಳು. ಯಂತ್ರ ಯಾರ ಬಾಯನ್ನೂ ಬಿಡಿಸಲಿಲ್ಲ. ಅದರ ಗದ್ದಲದಲ್ಲಿ ಪಕ್ಕದವರು ಕರೆದರೂ ಕೇಳುತ್ತಿರಲಿಲ್ಲ. ಗುಂಡುಸೂಜಿಯಿಂದ ಬೆಳಗ್ಗೆ ಬೆಳಗ್ಗೆ ಹೂವಿನ ಚಿತ್ರಗಳು ಬರುತ್ತಿದ್ದವು, ಆಮೇಲೆ ಅವೂ ಅಪರೂಪವಾದವು.

ಬೇಸಿಗೆಯಲ್ಲಿ ಮಗಳು ಹೊಸ ಫೋನು ಕೊಂಡಾಗ ಹಳೆಯ ಹಣ್ಣಿನ ಫೋನನ್ನು ಅಮ್ಮನಿಗೆ ಕೊಟ್ಟಳು. ಪ್ರೀತಿಯಿಂದಲೇ ಕೊಟ್ಟಳು, ಗಾಜು ಒರೆಸಿ, ಹೊಸ ಕವಚ ಹಾಕಿ. ಆ್ಯಪ್ ಅನ್ನು ಅದಕ್ಕೆ ಹಾಕಿದಾಗ, ನಿಮ್ಮ ಸ್ಥಳವನ್ನು ಯಾವ ಫೋನಿನಿಂದ ತಿಳಿಸಬೇಕು ಎಂದು ಅದು ಕೇಳಿತು. ಮಗಳು ಅಮ್ಮನಿಗೆ ಕೊಟ್ಟ ಹಣ್ಣಿನ ಫೋನಿನ ಮೇಲೆ ಒತ್ತಿದಳು.

"ಆಯ್ತು ನೋಡಮ್ಮ. ಇನ್ಮೇಲೆ ಈ ಫೋನೇ ನೀನು."

ಆದರೆ ಆ ಫೋನಿಗೆ ಅವಳ ಗುರುತು ಹತ್ತಲಿಲ್ಲ. ಅದು ಬೆರಳಿನ ಗೆರೆ ನೋಡಿ ಬಾಗಿಲು ತೆರೆಯುವ ಫೋನು. ಸೋಡಾ, ಬ್ಲೀಚು, ಬಿಸಿ ಬಟ್ಟೆ ಇವುಗಳಲ್ಲಿ ಅವಳ ಬೆರಳ ಗೆರೆಗಳು ಎಂದೋ ತೊಳೆದುಹೋಗಿದ್ದವು. ಒತ್ತಿದಷ್ಟೂ ಸಲ ಅದು ತಲೆಯಾಡಿಸಿ ಗುಪ್ತಸಂಖ್ಯೆ ಕೇಳುತ್ತಿತ್ತು. ಬಸ್ಸಿನಲ್ಲಿ ನಿಂತುಕೊಂಡು ಸಂಖ್ಯೆ ಒತ್ತುವುದರೊಳಗೆ ಗಂಡನ ಬಿಲ್ಲೆ ಸೇತುವೆ ದಾಟಿಯೇ ಹೋಗಿರುತ್ತಿತ್ತು. ಒಂದು ವಾರ ಹೆಣಗಾಡಿ, ಯಾರಿಗೂ ಹೇಳದೆ, ಸಿಮ್ಮನ್ನು ತೆಗೆದು ತನ್ನ ಹಳೆಯ ಫೋನಿಗೇ ಹಾಕಿಕೊಂಡಳು. ಹಣ್ಣಿನ ಫೋನು ಅಡುಗೆಮನೆಯ ಅರೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ ಚಾರ್ಜಿಗೆ ಸಿಕ್ಕಿಸಿಕೊಂಡು, ಮನೆಯ ವೈಫೈ ಹಿಡಿದುಕೊಂಡು ಉಳಿಯಿತು. ಬೇಳೆ ಬೇಯುವ ಹೊತ್ತು ನೋಡಲು, ಪಾತ್ರೆ ತೊಳೆಯುವಾಗ ಹಾಡು ಕೇಳಲು ಅದು ಸಾಕಿತ್ತು.

ಗೊತ್ತಾದದ್ದು ಒಂದು ಮಧ್ಯಾಹ್ನ. ಯಂತ್ರಕ್ಕೆ ಅಂಚು ಕೊಡುತ್ತಿದ್ದಾಗ ಮಗಳ ಫೋನು ಬಂತು. ಅವಳು ಹೊರಗಿನ ಮೆಟ್ಟಿಲಿಗೆ ಬಂದು ಎತ್ತಿಕೊಂಡಳು.

"ಅಮ್ಮ, ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನಂತೆ. ಅಜ್ಜಿಗೆ ಬೆಲ್ ಕೇಳಿಸಿಲ್ಲ ಅನ್ಸತ್ತೆ. ಸ್ವಲ್ಪ ತೆಗಿಯಮ್ಮ."

"ನಾನು ಕೆಲಸದಲ್ಲಿದ್ದೀನಲ್ಲೇ."

"ಮನೇಲಿದ್ದೀಯಲ್ಲ? ಮ್ಯಾಪಲ್ಲಿ ಮನೆ ಅಂತಿದೆ. ರಜ ಹಾಕಿದ್ದೀಯೇನೋ ಅಂದ್ಕೊಂಡೆ."

"ಇಲ್ಲ ಕಣೆ. ಮೆಟ್ಟಿಲ ಮೇಲೆ ನಿಂತಿದ್ದೀನಿ, ಆಸ್ಪತ್ರೇಲಿ."

"ಹೌದಾ? ನೆಟ್‌ವರ್ಕ್ ಕೆಟ್ಟಿರಬೇಕು. ಸರಿ, ಪಕ್ಕದ ಮನೆಯಲ್ಲಿ ಕೊಡೋಕೆ ಹೇಳ್ತೀನಿ."

ಅವಳು ಮೆಟ್ಟಿಲ ಮೇಲೆ ಕುಳಿತು ನಕಾಶೆ ತೆರೆದು ನೋಡಿದಳು. ಹೆಗಲು ಕೂತ ತನ್ನ ಅರ್ಧ ಮುಖ ತನ್ನ ಮನೆಯ ಮೇಲೆ ನೆಟ್ಟಗೆ ಕೂತಿತ್ತು. ಉಪ್ಪಿನ ಡಬ್ಬಿಯ ಪಕ್ಕದ ಫೋನು ಅವಳಾಗಿತ್ತು. ಬೇಸಿಗೆ ಕಳೆದು ಚಳಿ ಬರುವವರೆಗೂ ಅವಳು, ನಕಾಶೆಯ ಪ್ರಕಾರ, ಅಡುಗೆಮನೆಯಿಂದ ಕದಲಿರಲಿಲ್ಲ. ಕೆಲಸಕ್ಕೆ ಹೋಗಿರಲಿಲ್ಲ, ಬಸ್ಸು ಹತ್ತಿರಲಿಲ್ಲ, ತರಕಾರಿ ತಂದಿರಲಿಲ್ಲ. ಅದನ್ನು ಕಂಡು ಅಚ್ಚರಿಪಟ್ಟವರು ಒಬ್ಬರೂ ಇಲ್ಲ. ಅಂದರೆ ಯಾರೂ ನೋಡಿರಲಿಲ್ಲ. ಇಲ್ಲವೇ ನೋಡಿ, ಸರಿಯಾಗಿಯೇ ಇದೆ ಎಂದುಕೊಂಡಿದ್ದರು. ಇವೆರಡರಲ್ಲಿ ಯಾವುದು ವಾಸಿ ಎಂದು ಅವಳಿಗೆ ಹೊಳೆಯಲಿಲ್ಲ.

ಮಗಳಿಗೆ ಹೇಳಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಸರಿಮಾಡುತ್ತಿದ್ದಳು. ಅವಳು ಹೇಳಲಿಲ್ಲ. ಯಾರಾದರೂ ಒಬ್ಬರು, ಒಂದೇ ಒಂದು ಸಲ, ತಾವಾಗಿಯೇ "ಎಲ್ಲಿದ್ದೀಯಾ?" ಎಂದು ಕೇಳಲಿ, ಆಗ ಹೇಳಿದರಾಯಿತು ಎಂದುಕೊಂಡಳು. ಚಿಕ್ಕ ಮಕ್ಕಳ ಹಟ ಎಂದು ತನಗೇ ನಗು ಬಂತು. ಆದರೂ ಬಿಡಲಿಲ್ಲ.

ಅಲ್ಲಿಂದ ಅವಳು ಸ್ವಲ್ಪ ಸ್ವಲ್ಪ ದೂರ ಹೋಗತೊಡಗಿದಳು. ಮೊದಲು ಒಂದು ನಿಲ್ದಾಣ ಮುಂದೆ ಇಳಿದು ನಡೆದು ಬಂದಳು. ಇನ್ನೊಂದು ದಿನ ಪಾತ್ರೆ ಅಂಗಡಿಯೊಳಗೆ ಹೋಗಿ ಏನೂ ಕೊಳ್ಳದೆ ಎಲ್ಲವನ್ನೂ ಮುಟ್ಟಿ ಬಂದಳು. ರೈಲು ನಿಲ್ದಾಣದ ಬೆಂಚಿನ ಮೇಲೆ ಯಾರನ್ನೋ ಕಾಯುವವಳಂತೆ ಕುಳಿತಳು. ಪಕ್ಕದಲ್ಲಿದ್ದ ಹೆಂಗಸು "ನಿಮ್ಮವರು ಯಾವ ಗಾಡೀಲಿ ಬರ್ತಾರೆ?" ಎಂದು ಕೇಳಿದಾಗ, ಯಾವುದೋ ಗಾಡಿಯ ಹೆಸರು ಹೇಳಿ, ಅದು ಬಂದಾಗ ನಾಚಿಕೆಯಾಗಿ ಎದ್ದುಹೋದಳು. ಯಾರಿಗೂ ಕಾಣದೆ ಇರುವುದರಲ್ಲಿ ಒಂದು ಸುಖವೇನೋ ಇತ್ತು. ಮನೆಗೆ ಬಂದು ಚಪ್ಪಲಿ ಬಿಡುವಾಗ ಮಾತ್ರ ಆ ಸುಖ ತಣ್ಣಗಾಗುತ್ತಿತ್ತು. ಒಳಗಿನಿಂದ ಯಾರೋ, "ಬಂದ್ಯಾ? ಚಾರ್ಜರ್ ಎಲ್ಲಿಟ್ಟಿದ್ದೀಯಾ?" ಎನ್ನುತ್ತಿದ್ದರು.

ಒಂದು ಭಾನುವಾರ ಗಂಡ ತುರ್ತು ರಿಪೇರಿಗೆಂದು ಹೋಗಿದ್ದ. ಮಗಳು ಗೆಳತಿಯರ ಜೊತೆ ಹೋಗಿದ್ದಳು. ಅತ್ತೆ ಊಟ ಮುಗಿಸಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಅವಳು ದುಪ್ಪಟಿಗಳನ್ನು ಒಗೆದು ಟೆರೇಸಿನಲ್ಲಿ ಒಣಹಾಕಿ, ಸಂಜೆಯ ಅಡುಗೆಯನ್ನೂ ಮಾಡಿ ಮುಚ್ಚಿಟ್ಟು, ಬಸ್ಸು ಹತ್ತಿ ಕೊನೆಯ ನಿಲ್ದಾಣದ ಟಿಕೆಟ್ ಕೇಳಿದಳು.

ಕೊನೆಯ ನಿಲ್ದಾಣದಲ್ಲಿ ಒಂದು ಕೆರೆ, ಏರಿಯ ಮೇಲೊಂದು ಸಿಮೆಂಟಿನ ಬೆಂಚು, ಮುಚ್ಚಿದ ಒಂದು ಅಂಗಡಿ. ನಿಲ್ದಾಣದ ಫಲಕದ ಬಣ್ಣ ಎದ್ದುಹೋಗಿ ಹೆಸರು ಅಳಿಸಿಹೋಗಿತ್ತು. ಬಸ್ಸು ತಿರುಗಿಸಿಕೊಂಡು ಹೋದ ಮೇಲೆ ಅಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವಳು ಕುಳಿತು ಫೋನು ತೆಗೆದಳು.

ಗಂಡನ ಬಿಲ್ಲೆ ಸೇತುವೆ ದಾಟಿತು. ಅವಳ ಕೈ ಅಭ್ಯಾಸಬಲದಿಂದ ಅಕ್ಕಿಯ ಅಳತೆ ಪಾತ್ರೆಗೆಂದು ಚಾಚಿ ಸುಮ್ಮನಾಯಿತು. ಅವನು ಮನೆ ಸೇರಿದ. ಸ್ವಲ್ಪ ಹೊತ್ತಿಗೆ ಮಗಳ ಬಿಲ್ಲೆಯೂ ಬೀದಿಯ ತಿರುವು ದಾಟಿ ಮನೆ ಸೇರಿತು. ಈಗ ಆ ಮನೆಯ ಮೇಲೆ ಮೂರು ಬಿಲ್ಲೆಗಳು ಒಂದರ ಮೇಲೊಂದು ಒತ್ತೊತ್ತಾಗಿ ಕೂತಿದ್ದವು. ಅವಳ ಅರ್ಧ ಮುಖ ಎಲ್ಲಕ್ಕಿಂತ ಕೆಳಗೆ. ನೋಡಿದವರು ಎಂಥ ಅನ್ಯೋನ್ಯ ಸಂಸಾರ ಎನ್ನಬೇಕು.

ಈಗ ಕೇಳುತ್ತಾರೆ, ಎಂದುಕೊಂಡಳು. ಬಾಗಿಲು ತೆರೆದು ಒಳಗೆ ಬಂದ ಮೇಲೆ, ಅಡುಗೆಮನೆಯಲ್ಲಿ ಸದ್ದಿಲ್ಲ ಎಂದಾದರೂ ಅನಿಸಬೇಕಲ್ಲ.

ಬೆಳಕು ಹಳದಿಯಾಯಿತು. ನೀರಿನ ಮೇಲೆ ಒಂದು ಹಕ್ಕಿ ಮುಳುಗಿ ಬೇರೆಲ್ಲೋ ಎದ್ದಿತು. ಫೋನು ರಿಂಗಾಯಿತು. ಗಂಡ.

ಗಾಳಿಗೆ ಮಾತು ಕತ್ತರಿಸಿ ಕತ್ತರಿಸಿ ಬರುತ್ತಿತ್ತು. "...ಎಲ್ಲಿ...ದ್ದೀಯಾ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಬಿಟ್ಟು, "ಇಲ್ಲೇ ರೀ," ಎಂದಳು. "ಇಲ್ಲೊಂದು ಕೆರೆ..."

"ಏನು? ಕೇಳಿಸ್ತಿಲ್ಲ. ಟೀ ಪುಡಿ, ಟೀ ಪುಡಿ! ಎಲ್ಲಿಟ್ಟಿದ್ದೀಯಾ ಅಂದೆ!"

ಕೆರೆಯ ಮೇಲಿಂದ ಗಾಳಿ ಬೀಸಿ ಬಂದು ಹೋಯಿತು.

"ಸ್ಟವ್ ಪಕ್ಕದ ಅರೆ," ಎಂದಳು. "ಎರಡನೇ ಸಾಲು. ನೀಲಿ ಮುಚ್ಚಳ."

"ಹಾಂ, ಸಿಕ್ತು. ಟೆರೇಸಲ್ಲಿ ಗಾಳಿ ಜೋರಾಗಿದೆ ಅನ್ಸತ್ತೆ, ಬೇಗ ಬಟ್ಟೆ ತೆಗೆದುಬಿಡು, ಹಾರಿ ಹೋದಾವು."

ಫೋನಿಟ್ಟ. ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡು, ತನ್ನ ಪಾಡಿಗೆ ತಾನು ನೀರು ನೋಡುತ್ತ ಕುಳಿತಳು. ಅಳು ಬರಲಿಲ್ಲ. ಒಂದು ಅಕ್ಷರ, ಎಂದುಕೊಂಡಳು. ಇದ್ದೀಯಾ, ಇಟ್ಟಿದ್ದೀಯಾ. ನಡುವೆ ಒಂದೇ ಒಂದು ಅಕ್ಷರ. ಅಷ್ಟನ್ನು ಗಾಳಿ ತಿಂದುಹಾಕಿದ್ದಕ್ಕೇ ತಾನು ಎಷ್ಟು ದೂರ ಹೋಗಿಬಿಟ್ಟಿದ್ದೆ!

ಮತ್ತೆ ಫೋನು ರಿಂಗಾಯಿತು. ಇನ್ನೇನು, ಸಕ್ಕರೆ ಇರಬೇಕು ಎಂದು ನೋಡಿದರೆ, ಗುಂಡಿ ಫೋನಿನ ನಂಬರು. ಎರಡನೇ ಗುಂಡಿಯನ್ನು ಒತ್ತಿ ಹಿಡಿದರೆ ಸೊಸೆಗೆ ಹೋಗುವಂತೆ ಅವಳೇ ಮಾಡಿಕೊಟ್ಟಿದ್ದಳು. ಅತ್ತೆ ಈವರೆಗೆ ಅದನ್ನು ಒತ್ತಿದ್ದೇ ಇಲ್ಲ.

ಕಿವಿ ಮಂದವಾದವರ ಜೋರು ದನಿ ಒಂದಕ್ಷರವೂ ಬಿಡದೆ ಕೇಳಿತು. "ಎಲ್ಲಿದ್ದೀಯೇ?"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಿನ್ನನ್ನೇ ಕೇಳಿದ್ದು. ಇವರಿಬ್ಬರೂ ಮೇಲಿದ್ದಾಳೆ, ಮೇಲಿದ್ದಾಳೆ ಅಂತಾರೆ. ಮೇಲಿದ್ರೆ ಚಪ್ಪಲಿ ಎಲ್ಲಿ ಹೋಯ್ತು? ಟೆರೇಸಿಗೆ ಯಾರು ಚಪ್ಪಲಿ ಹಾಕ್ಕೊಂಡು ಹೋಗ್ತಾರೆ?"

"ಅವರಿಗೆ ಹೇಳಿದ್ರಾ ಅತ್ತೆ?"

"ನಾನ್ಯಾಕೆ ಹೇಳ್ಲಿ. ಕಣ್ಣಿದೆಯಲ್ಲ ಅವರಿಗೆ. ಎಲ್ಲಿದ್ದೀಯಾ ಹೇಳು."

ಇಷ್ಟು ದಿನ ಕಾದ ಪ್ರಶ್ನೆ ಬಂದಿತ್ತು. ಅವಳು ಫಲಕದ ಕಡೆ ನೋಡಿದಳು. "ಗೊತ್ತಿಲ್ಲ ಅತ್ತೆ. ಬಸ್ಸಿನ ಕೊನೇ ನಿಲ್ದಾಣ. ಒಂದು ಕೆರೆ ಇದೆ."

ಆ ಕಡೆ ಕುರ್ಚಿ ಕಿರುಗುಟ್ಟಿತು. "ನೀರಿನ ಹತ್ರ ಏನು ಕೆಲಸ ನಿಂಗೆ?"

"ಏನೂ ಇಲ್ಲ. ಸುಮ್ನೆ ಕೂತಿದ್ದೀನಿ."

"ಸುಮ್ನೇನಾ?"

"ಸುಮ್ನೆ ಅತ್ತೆ. ನಿಜವಾಗ್ಲೂ."

"ಹ್ಞೂಂ." ಅತ್ತೆ ದನಿ ತಗ್ಗಿಸಿದರು, ತಗ್ಗಿದ ದನಿಯೂ ಬೇರೆಯವರ ಕೂಗಿನಷ್ಟಿತ್ತು. "ನಾನೂ ಒಂದ್ಸಲ ಹೀಗೇ ಹೋಗಿ ಕೂತಿದ್ದೆ. ಬಂದು ನೋಡ್ತೀನಿ, ನಿಮ್ಮ ಮಾವ ಹಿತ್ತಲಲ್ಲಿ ನಿಂತು ಬಾವಿ ಇಣುಕ್ತಾ ಇದ್ರು. ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ, ಆ ಮಾತು ಬೇರೆ. ಆದ್ರೂ ಬಾವೀನಾದ್ರೂ ಇಣುಕಿದ್ರಲ್ಲ. ಈಗ ಬಾವೀನೂ ಇಲ್ಲ." ಆಮೇಲೆ, "ಬಸ್ಸು ಇದೆಯಾ ವಾಪಸ್ಸು?"

"ಇದೆ."

"ಸರಿ, ಬಾ. ಅವಸರ ಇಲ್ಲ."

ಅವಳು ಬಂದಾಗ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಗಂಡ ಟೀವಿ ಮುಂದೆ, ಮಗಳು ತನ್ನ ಕೋಣೆಯಲ್ಲಿ. ಟೀ ಕುಡಿದ ಲೋಟಗಳು ಕುಡಿದಲ್ಲೇ ಇದ್ದವು. "ತೆಗ್ದ್ಯಾ ಬಟ್ಟೆ?" ಎಂದ ಗಂಡ, ತಿರುಗದೆ. ಅವಳು ಮೆಟ್ಟಿಲು ಹತ್ತಿ, ತಂತಿಯ ಮೇಲಿದ್ದ ದುಪ್ಪಟಿಗಳನ್ನೆಲ್ಲ ಎತ್ತಿಕೊಂಡು ಕೆಳಗೆ ಬಂದು, ಒಂದರ ಅಂಚನ್ನು ಬೀರುವಿನ ಬಾಗಿಲಿಗೆ ಸಿಕ್ಕಿಸಲು ಹೋದಳು.

"ಇಲ್ಲಿ ಕೊಡು," ಎಂದರು ಅತ್ತೆ.

"ನಿಮಗೆ ನಿಲ್ಲೋಕಾಗಲ್ಲ ಅತ್ತೆ."

"ನಿಂತ್ಕೋತೀನಿ ಅಂದ್ನಾ? ತುದಿ ಕೊಡು."

ಕುರ್ಚಿಯಲ್ಲಿ ಕೂತೇ ಅವರು ಎರಡು ತುದಿ ಹಿಡಿದರು. ಅವಳು ಹಿಂದಕ್ಕೆ ಸರಿದು ಎಳೆದಳು. ಕೊಡವಲು ಆಗಲಿಲ್ಲ, ಅವರ ಕೈಗೆ ಅಷ್ಟು ಬಲವಿರಲಿಲ್ಲ. ಎದುರು ನಡೆದು ಹೋಗಿ ತುದಿಗೆ ತುದಿ ತಾಗಿಸಿದಾಗ ಅತ್ತೆಯ ಬೆರಳುಗಳು ತಣ್ಣಗಿದ್ದವು, ಗೆರೆ ಅಳಿಸಿ ನುಣ್ಣಗಾಗಿದ್ದವು.

ಬಚ್ಚಲಿನ ಕಡೆಯಿಂದ ಗಂಡನ ದನಿ ಬಂತು: "ಟವೆಲ್ ಎಲ್ಲಿಟ್ಟಿದ್ದೀಯಾ?"

ಅವಳ ಬಾಯಿ ಆಗಲೇ ತೆರೆದಿತ್ತು. ಅತ್ತೆ ಕೈಯಲ್ಲಿದ್ದ ತುದಿಯನ್ನು ಸಣ್ಣಗೆ ಜಗ್ಗಿ, ಅವಳನ್ನು ಸುಮ್ಮನಿರಿಸಿ, ಕೂಗಿದರು: "ಮ್ಯಾಪಲ್ಲಿ ನೋಡ್ಕೊಳ್ಳೋ!"

ಒಳಗೆ ಬಚ್ಚಲಿನ ನಲ್ಲಿ ನಿಂತಿತು. ಆಮೇಲೆ ಬೀರುವಿನ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು, ಇನ್ನೊಂದು ಬಾಗಿಲು ತೆರೆದ ಸದ್ದು. ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕ, ಹಣ್ಣಿನ ಫೋನಿನ ಪುಟ್ಟ ದೀಪ ಉರಿಯುತ್ತಲೇ ಇತ್ತು.

ದುಪ್ಪಟಿಯ ಮಡಿಕೆ ಸೊಟ್ಟಗಾಗಿತ್ತು. ಮಡಿಕೆಯಮ್ಮ ಅದನ್ನು ಬಿಚ್ಚಿ ಮತ್ತೆ ಮಡಿಸಲಿಲ್ಲ. ಹಾಗೇ ಇಟ್ಟು, ಮುಂದಿನದರ ತುದಿಗಳನ್ನು ಅತ್ತೆಯ ಕೈಗೆ ಕೊಟ್ಟು ಹಿಂದೆ ಸರಿದಳು.